ಹುಟ್ಟುವ ಮೊದಲೇ ಇಟ್ಟ ಹೆಸರು

ನನ್ನ ಹೆಸರು ಸಾಕವ್ವ. ನನಗಿಂತ ಮೊದಲು ಮನೆಯಲ್ಲಿ ಸಾಲಾಗಿ ಹೆಣ್ಣೇ ಹುಟ್ಟಿದ್ದವು. ನಾನೂ ಹೆಣ್ಣು ಎಂದು ಗೊತ್ತಾದಾಗ ಅಜ್ಜಿ ಬಾಣಂತಿಯ ಕೋಣೆಗೆ ಬರಲೇ ಇಲ್ಲವಂತೆ. ಮಗ್ಗದ ಹತ್ತಿರವೇ ನಿಂತು, "ಸಾಕವ್ವಾ, ಇನ್ನ ಸಾಕು" ಎಂದಳಂತೆ. ಅದೇ ಹೆಸರಾಯಿತು. ಮುಂದಿನ ಕೂಸು ಗಂಡಾಯಿತು, ನನ್ನ ತಮ್ಮ. ಹೆಸರು ಹತ್ತಿತು ಎಂದು ಗಜೇಂದ್ರಗಡದ ನಮ್ಮ ಓಣಿಯವರು ಇವತ್ತಿಗೂ ಹೇಳುತ್ತಾರೆ, ನಾನೇನೋ ದವಾಖಾನೆಯ ಗುಳಿಗೆ ಅನ್ನುವ ಹಾಗೆ. ಉಳಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮನೆತನಕ ಜಗಳಕ್ಕೆ ಬರುತ್ತಾರೆ.

ಗಂಡ ಬೇಗ ತೀರಿಕೊಂಡದ್ದರಿಂದ ನಾನು ತವರಿಗೆ ಬಂದು ಮಗ್ಗದ ಕುಣಿಯಲ್ಲಿ ಕಾಲಿಟ್ಟವಳು, ಮತ್ತೆ ಎದ್ದು ಹೋಗಲಿಲ್ಲ. ತಮ್ಮನ ಹೆಂಡತಿಯೂ ಮಗಳನ್ನು ಹಡೆದ ವರ್ಷವೇ ಹೋದಳು. ಆ ಕೂಸನ್ನು ನಾನೇ ಸಾಕಿದೆ. ಲಾಳಿ ಓಡುವ ಸದ್ದು ನಿಂತರೆ ಎಚ್ಚರಾಗಿ ಅಳುತ್ತಿತ್ತು, ಆದ್ದರಿಂದ ನೇಯುತ್ತಲೇ ಮಲಗಿಸುತ್ತಿದ್ದೆ. ನನ್ನ ಹೆಸರಿನ ಅರ್ಥ "ಸಾಕಿದ ಅವ್ವ" ಎಂದು ಆಕೆ ತಾನೇ ತಿಳಿದುಕೊಂಡಿದ್ದಳು. ಸಾಲಿಯಲ್ಲಿ ಯಾರೋ ನಕ್ಕು ಖರೇ ಅರ್ಥ ಹೇಳಿದ ದಿನ ಅವರ ಕೂದಲು ಹಿಡಿದು ಜಗ್ಗಿ ಬಂದಿದ್ದಳು. ನನಗೆ ಎಷ್ಟು ಹಿಗ್ಗಾಗಿತ್ತೆಂದರೆ ಬೈಯಲಿಕ್ಕೂ ಬಾಯಿ ಬರಲಿಲ್ಲ.

ಆಕೆಯನ್ನು ರೋಣಕ್ಕೆ ಕೊಟ್ಟೆವು. ಕಡಲೆ, ಜೋಳದ ವ್ಯಾಪಾರದ ಮನೆ, ಉಂಡುಟ್ಟು ಇರುವವರು. ಎರಡು ಹೆಣ್ಣುಮಕ್ಕಳಾದವು. ಅವಕ್ಕೆ ಇಟ್ಟ ಹೊಸ ಹೆಸರುಗಳು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಮೂರನೆಯ ಸಲ ಬಸುರಾದಾಗ ಫೋನ್ ಮಾಡಿ ನಗುತ್ತ ಹೇಳಿದಳು.

"ಅತ್ತಿ, ಈಗ ಹಳೇ ಹೆಸರಾ ಫ್ಯಾಶನ್ ಆಗ್ಯಾವ. ಫೋನ್ಯಾಗ ನೋಡೀನಿ. ಗೌರವ್ವ, ನೀಲವ್ವ, ಎಲ್ಲಾ ತಿರುಗಿ ಬರಾಕತ್ತಾವ. ಹೆಣ್ಣಾದ್ರ ನಿನ್ನ ಹೆಸರ ಇಡತೀನಿ."

"ಗೌರವ್ವ ಬರಲಿ, ನೀಲವ್ವ ಬರಲಿ. ನನ್ನದು ನನ್ನ ಜೋಡೀನ ಮಣ್ಣಾಗಲಿ," ಎಂದೆ. "ಅದೇನ್ ಹೆಸರಾ? ಬೈಗಳ ಅದು."

"ನನಗ ಬೈಗಳ ಅಲ್ಲ," ಎಂದಳು.

ನಮ್ಮ ಕಡೆಯ ಹಳೆಯ ಹೆಸರುಗಳಲ್ಲಿ ಇಂಥ ಬೈಗಳು ಬಹಳ. ಹುಟ್ಟಿದ್ದೆಲ್ಲ ಸಾಯುತ್ತಿದ್ದರೆ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ ಎಂದು ಕರೆಯುತ್ತಿದ್ದರು, ಕಸ ಎಂದುಕೊಂಡು ಜವರಾಯ ಮುಂದೆ ಹೋಗಲಿ ಎಂದು. ಕಲ್ಲಿನ ಹಾಗೆ ಗಟ್ಟಿ ಉಳಿಯಲಿ ಎಂದು ಕಲ್ಲವ್ವ. ಅವುಗಳೊಳಗೆ ಹೆದರಿಕೆ ಇತ್ತು, ಕೂಸಿನ ಮೇಲಿನ ಅಕ್ಕರೆ, ಮಾಯೆಯೂ ಇತ್ತು. ನನ್ನ ಹೆಸರಿನಲ್ಲಿ ಮಾಯೆ ಏನೂ ಇಲ್ಲ, ಬರೀ ಬೇಸರ. ಆ ಹೆಸರು ಸತ್ತರೆ ಊರಿಗೆ ಒಳ್ಳೆಯದೇ ಎಂದು ಅವತ್ತಿನವರೆಗೂ ನಂಬಿದ್ದೆ.

ಮುಂದಿನ ಸಲ ಫೋನ್ ಮಾಡಿದಾಗ ಆಕೆ ನಗಲಿಲ್ಲ. ತಪಾಸಣೆಗೆಂದು ಅತ್ತೆ, ಗಂಡ ಇಬ್ಬರೂ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ರೋಣದ ದವಾಖಾನೆ ಬಿಟ್ಟು, ಗದಗವನ್ನೂ ದಾಟಿ, ಎಲ್ಲೋ ದೂರದ ಊರಿಗೆ. ಹೊಟ್ಟೆಯ ಮೇಲೆ ಮಷಿನ್ ಹಿಡಿದು ನೋಡಿದರಂತೆ. ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲವಂತೆ.

"ಮದ್ಲ ದಿನಾ ಏನ್ ಬಯಕಿ ಆಗೇತಿ ಅಂತ ಕೇಳ್ತಿದ್ರು ಅತ್ತಿ. ಬಂದಮ್ಯಾಲೆ ಯಾರೂ ಕೇಳವಲ್ರು. ಸೋಮವಾರ ದೇವರಿಗೆ ಹೋಗೂದೈತಂತ. ಮುಂಜಾನಿಂದ ಉಪಾಸ ಇರು, ನೀರೂ ಕುಡೀಬ್ಯಾಡ ಅಂದಾರ."

ನಾನು ಲಾಳಿಯನ್ನು ಕೆಳಗಿಟ್ಟೆ. ಬಸುರಿಯ ಬಾಯಿಗೆ ನೀರು ಬೇಡ ಅನ್ನುವ ದೇವರು ನಮ್ಮ ಸೀಮೆಯಲ್ಲಿ ಯಾವುದೂ ಇಲ್ಲ. ಹಾಗೆ ಅನ್ನುವವರು ಆಪರೇಷನ್ ಮಾಡುವ ದವಾಖಾನೆಯವರು.

ತಮ್ಮನಿಗೆ ಹೇಳಿದೆ. "ಮಗಳ ಬಾಳ್ವೆ ಐತಿ, ಸುಮ್ಮನ ಏನರೆ ಅನಬ್ಯಾಡ," ಎಂದು ನೆಲ ನೋಡುತ್ತ ಕೂತ. ಪೊಲೀಸರಿಗೆ ಹೇಳಬೇಕಿತ್ತು ಎಂದು ಓದಿದವರು ಅನ್ನಬಹುದು. ನನ್ನ ಹತ್ತಿರ ಇದ್ದದ್ದೇನು? ನೀರು ಕುಡಿಯಬೇಡ ಎಂಬ ಒಂದು ಮಾತು. ಮಾರನೆಯ ದಿನವೇ ಹಸಿರು ಸೀರೆ, ಖಣ, ಬಳೆ, ಉಡಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಗಂಟು ಕಟ್ಟಿಕೊಂಡು ರೋಣದ ಬಸ್ಸು ಹತ್ತಿದೆ. ಹೊಲದಲ್ಲಿ ಕಡಲೆ ಹೂವಿಗೆ ಬಂದಿತ್ತು.

ಬೀಗತಿ, ಆಕೆಯ ಅತ್ತೆ, ನಗುತ್ತಲೇ ಬಾಗಿಲು ತೆಗೆದಳು.

"ಬರ್ರಿ ಬೀಗತೇರ, ಕುಂದರ್ರಿ. ಇದೇನ್ರಿ ಗಂಟು?"

"ಕುಬಸ ಮಾಡಾಕ ಬಂದೀನ್ರಿ."

ಬಸುರಿಗೆ ತವರಿನವರು ಹಸಿರುಡಿಸಿ ಉಡಿ ತುಂಬುವುದು ಕುಬಸ. ಅದನ್ನು ಚೊಚ್ಚಲಿಗೆ ಮಾಡುವುದು ರೂಢಿ. ಬೀಗತಿ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಮೂರನೇದಕ್ಕ ಯಾರ್ ಕುಬಸ ಮಾಡ್ತಾರ್ರಿ?"

"ನಮ್ಮ ಮನಿತನದಾಗ ಮಾಡ್ತೀವ್ರಿ," ಎಂದು ಹಸಿ ಸುಳ್ಳು ಹೇಳಿದೆ. "ಹಂಗ ನಾಕ ದಿನಾ ತವರಿಗೆ ಕರ್ಕೊಂಡ ಹೋಗ್ತೀನಿ."

"ಸೋಮವಾರ ದೇವರ ಕಾರ್ಯ ಮುಗೀಲ್ರಿ. ಆಮ್ಯಾಲೆ ಎಷ್ಟ ದಿನಾರೆ ಇಟ್ಕೊರ್ರಿ. ಯಾರ್ ಬ್ಯಾಡಂತಾರ?"

ಆ ದನಿಯಲ್ಲಿದ್ದ ಸಮಾಧಾನ ಕೇಳಿ ನಾನು ಎದ್ದು ಒಳಗೆ ನಡೆದೆ. ನಾನು ಸಾಕಿದ ಕೂಸು ಅಡುಗೆಮನೆಯಲ್ಲಿತ್ತು. ನನಗೆ ಆಕೆ ಈಗಲೂ ಕೂಸೇ. ಎರಡೂ ಮಕ್ಕಳು ಆಕೆಯ ಸೀರೆ ಹಿಡಿದು ನಿಂತಿದ್ದವು. ಈಗಿಂದೀಗ ಎದ್ದು ಬಾ ಎಂದು ಪಿಸುಗುಟ್ಟಿದೆ.

"ಇವನ್ನ ಬಿಟ್ಟು ಹ್ಯಾಂಗ ಬರಲಿ? ಕರ್ಕೊಂಡ ಬಂದ್ರ ತಿರುಗಿ ಒಳಗ ಬಿಟ್ಟಾರನು?" ಎಂದಳು. ಆಕೆಗೆ ಎಲ್ಲ ಗೊತ್ತಿತ್ತು. ಗೊತ್ತಿದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಕದ್ದು ಮಾಡುವ ಕೆಲಸಕ್ಕೆ ಮಂದಿಯ ಕಣ್ಣೇ ಬೀಗ ಎಂದುಕೊಂಡೆ. ಹೊರಗಿನ ಕಟ್ಟೆಗೆ ಹೋಗಿ ನಿಂತು ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕುಬಸಕ್ಕೆ ಕರೆದೆ. ನನ್ನ ಗಂಟಲು ಮಗ್ಗದ ಸದ್ದನ್ನು ಮೀರಿಸಿ ಬೆಳೆದದ್ದು. ಕೈಯೊಳಗಿನ ಕೆಲಸ ಬಿಟ್ಟು ಎಲ್ಲರೂ ಬಂದರು. ಹಸಿರುಡಿಸಿದೆ, ಬಳೆ ಇಡಿಸಿದೆ, ಉಡಿ ತುಂಬಿದೆ. ಎಲ್ಲರೂ ನೋಡಿದರು, ಈ ಮನೆಯ ಸೊಸೆ ಬಸುರಿ ಎಂದು. ನೆರೆಮನೆಯವಳೊಬ್ಬಳು ತಮಾಷೆಗೆ, "ಈ ಸಲ ಏನ್ ಹೆಸರ ತಗದೀರಿ?" ಎಂದು ಕೇಳಿದಳು.

"ಹೆಣ್ಣೈತಿ. ಸಾಕವ್ವ ಅಂತ ನನ್ನ ಹೆಸರ ಇಡಾಕಿ ಅದಾಳ," ಎಂದೆ. ಓಣಿಯೆಲ್ಲ ಕೇಳಲಿ ಎಂದೇ ಹೇಳಿದೆ. ಹೆಸರಿದ್ದ ಕೂಸನ್ನು ಇಲ್ಲ ಅನ್ನಿಸುವುದು ಅಷ್ಟು ಹಗುರಲ್ಲ ಎಂದು ನನ್ನ ಲೆಕ್ಕ.

ಬೀಗತಿಯ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿದ್ದವು.

"ಕೂಸು ಹುಟ್ಟೂ ಮದ್ಲ ಕುಲಾವಿ ಹೊಲಿಸಿದ್ರಂತ," ಎಂದಳು. ಆಮೇಲೆ ಚಹಾದ ಬಟ್ಟಲು ನನ್ನ ಕೈಗೆ ಕೊಡುತ್ತ ಸಣ್ಣ ದನಿಯಲ್ಲಿ ಹೇಳಿದಳು. "ಅಂಥಾ ಹೆಸರು ಈಗ ಯಾರ ಮನ್ಯಾಗ ಅದಾವ್ರಿ? ಇಡೂ ಪ್ರಸಂಗಾನ ಬರಂಗಿಲ್ಲ."

ಒಬ್ಬಳೇ ಊರಿಗೆ ತಿರುಗುವ ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ತಲೆಗೆ ಇಳಿಯಿತು. ಮಂದಿ ಸುಧಾರಿಸಿದರು, ಅದಕ್ಕೇ ಸಾಕವ್ವಗಳು ಕಾಣುವುದಿಲ್ಲ ಎಂದು ನಾನು ತಿಳಿದಿದ್ದೆನಲ್ಲ, ಎಂಥ ದಡ್ಡಿ. ಬೇಡಾದ ಹೆಣ್ಣು ಮೊದಲು ಹುಟ್ಟಬೇಕಿತ್ತು, ಆಮೇಲೆ ಬೈಗಳಂಥ ಹೆಸರು ಸಿಗುತ್ತಿತ್ತು. ನನ್ನ ಅಜ್ಜಿ ಹೊರಗೇ ನಿಂತು ಸಾಕು ಅಂದಳು ನಿಜ, ಆದರೆ ಅವ್ವ ಎದೆಹಾಲು ಕೊಟ್ಟಳು, ಅಪ್ಪ ನೇಯಲು ಕಲಿಸಿದ, ಅದೇ ಅಜ್ಜಿ ಮುಂದೆ ನನ್ನ ತಲೆ ಬಾಚಿದಳು. ಈಗ ಬೇಡ ಅನ್ನುವ ಮಾತನ್ನು ಹೆಸರು ಮಾಡಿ ಕರೆಯುವ ಕಾಲಕ್ಕೆ ಕೂಸೇ ಇರುವುದಿಲ್ಲ. ಆ ಹೆಸರು ತಿರುಗಿ ಬರಲಿ ಎಂದು ಜೀವನದಲ್ಲಿ ಮೊದಲನೆಯ ಸಲ ಅನ್ನಿಸಿತು. ಚಂದದ ಹೆಸರೆಂದಲ್ಲ, ಅದನ್ನು ಹೊತ್ತು ಓಡಾಡುವವಳು ಒಬ್ಬಳು ಇರಲಿ ಎಂದು.

ಸೋಮವಾರ ಆಕೆಯ ಫೋನ್ ಬಂದ್ ಆಗಿತ್ತು. ಮಗ್ಗದಲ್ಲಿ ಕೂತರೆ ಎಳೆ ಹರಿಯುತ್ತಿದ್ದವು. ಮಂಗಳವಾರ ಅಳಿಯ ತಮ್ಮನಿಗೆ ಫೋನ್ ಮಾಡಿ, ಹೊಟ್ಟೆಯೊಳಗೇ ಕೂಸಿನ ಉಸಿರು ನಿಂತಿತ್ತು, ತೆಗೆಯಬೇಕಾಯಿತು, ಮನೆಗೆ ಬಂದಿದ್ದೇವೆ ಎಂದ.

ಮತ್ತೆ ಅದೇ ಬಸ್ಸು. ಓಣಿಗೆ ಕಾಲಿಟ್ಟಾಗ ನನ್ನ ಕೈಯಿಂದ ಉತ್ತತ್ತಿ ತಿಂದ ಹೆಣ್ಣುಮಕ್ಕಳೇ ಬಾಗಿಲಲ್ಲಿ ನಿಂತಿದ್ದರು. ದಾಟಿ ಹೋದ ಮೇಲೆ ಒಬ್ಬಳು ಬೆನ್ನ ಹಿಂದೆ ಅಂದಳು, "ಹುಟ್ಟದ ಕೂಸಿಗೆ ಹೆಸರಿಡತಾರೇನ್ರಿ? ಜವರಾಯ ಕೇಳಿಸ್ಕೊಂಡ." ಎರಡೇ ದಿನದಲ್ಲಿ ಬೀಗತಿ ಇಡೀ ಓಣಿಗೆ ಆ ಮಾತು ಹಂಚಿ ಮುಗಿಸಿದ್ದಳು. ನಾನು ಕೂಸನ್ನು ಉಳಿಸಲಿಕ್ಕೆ ಕೂಗಿದ ಹೆಸರು ಆ ಮನೆಯವರಿಗೆ ಬಚಾವಾಗಲು ಒದಗಿತ್ತು. ತಿರುಗಿ ನಿಂತು ಖರೇ ಸಂಗತಿ ಚೀರಿ ಹೇಳಬೇಕೆಂದರೆ, ಒಳಗೆ ಮಲಗಿದವಳು ನಾಳೆಯೂ ಅದೇ ಮನೆಯಲ್ಲಿ ಉಣ್ಣಬೇಕಿತ್ತು.

ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆ ಸವರಿದೆ. ತಿರುಗದೆಯೇ ಕೇಳಿದಳು.

"ಅತ್ತಿ, ನೀ ಯಾಕ ಹೆಸರ ಹೇಳಿದಿ?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. "ನಿನಗೂ ಹಂಗ ಅನಸ್ತದನು? ಆ ಮಾತು ನೀ ಖರೇನ ನಂಬೀ ಏನು?" ಎಂದೆ.

"ಮತ್ತ ಏನ್ ನಂಬಲಿ ಅತ್ತಿ," ಎಂದಳು. "ನಾ ಇಲ್ಲೇ ಇರಬೇಕಲ್ಲ."