ಕೋಟೆಯಲ್ಲಿ ತಾತನ ದನಿ

ನಾನು ಅಣಕಿಸದ ಮನುಷ್ಯರಿಲ್ಲ. ಅಮೆರಿಕದ ಪ್ಲಿಮತ್‌ನ ನಮ್ಮ ಬಡಾವಣೆಯ ಅಂಕಲ್‌ಗಳು, ಜಿಪಿಎಸ್ಸಿನ ಹೆಂಗಸು, ಮೀಟಿಂಗಿನಲ್ಲಿ ಬಾಸ್ ಮುಂದೆ ಹಲ್ಲು ಕಿರಿಯುವ ನಾನು, ಎಲ್ಲರದೂ ನನ್ನ ಗಂಟಲಿನಲ್ಲೇ ವಾಸ. ತಾತನನ್ನೂ ಮೊದಲು ಮಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಅವರು ತೀರಿಕೊಂಡ ಮೇಲೆ, "ನಮ್ಮಪ್ಪನ್ನ ಮಾತ್ರ ಮಾಡಬೇಡ ಕಣೋ" ಎಂದು ಅಮ್ಮ ಕಣ್ಣು ತುಂಬಿಕೊಂಡು ಹೇಳಿದ್ದಳು.

ಈ ಬೇಸಿಗೆಯಲ್ಲಿ ಮೈಸೂರಿನಿಂದ ಬಂದ ಅಜ್ಜಿಯನ್ನು ನಾನೂ ಅಮ್ಮನೂ ಉತ್ತರದ, ಈಗ ಮ್ಯೂಸಿಯಂ ಆಗಿರುವ ಹಳೆಯ ಕೋಟೆಯೊಂದಕ್ಕೆ ಕರೆದುಕೊಂಡು ಹೋದೆವು. ಸುತ್ತ ನೆಟ್ಟ ಚೂಪು ಮರದ ದಿಮ್ಮಿಗಳನ್ನು ನೋಡಿ ಅಜ್ಜಿ, "ಇದಕ್ಕಾ ಅಷ್ಟು ದೂರ ಡ್ರೈವ್ ಮಾಡಿದ್ದು? ಬೇಲಿ ಕಣೋ ಇದು!" ಎಂದಳು.

ಒಳಗೆ ತುಪ್ಪಳದ ಟೋಪಿ ಹಾಕಿದ್ದ ಒಬ್ಬಾತ, ಹೋದ ವಾರವಷ್ಟೇ ದೋಣಿಯಿಂದ ಇಳಿದವನ ಹಾಗೆ, ತೊಗಲಿನ ವ್ಯಾಪಾರದ ಕಷ್ಟಸುಖ ಹೇಳುತ್ತಿದ್ದ. ನಾನು ತಕ್ಷಣ ಅವನಂತೆಯೇ, ನನಗಿಲ್ಲದ ಮೀಸೆಯನ್ನು ತಿರುವಿದೆ. ಅಜ್ಜಿ ನಗಲಿಲ್ಲ.

"ಯಾರೋ ಇವನು?"

"ಯಾವತ್ತೋ ಸತ್ತುಹೋದ ವ್ಯಾಪಾರಿ ಥರ ಮಾತಾಡ್ತಾನೆ ಅಜ್ಜಿ. ಅದೇ ಇವನ ಕೆಲಸ. ನಾನೂ ಅಪ್ಲೈ ಮಾಡೋಣ ಅಂತಿದೀನಿ."

"ಸತ್ತವರ ಹಾಗೆ ಮಾತಾಡಿದ್ರೆ ಇಲ್ಲಿ ಯಾರೂ ಬೇಜಾರು ಮಾಡ್ಕೊಳಲ್ವಾ?"

"ಇಲ್ಲ. ಚಪ್ಪಾಳೆ ತಟ್ತಾರೆ."

ಅಮ್ಮ ಕಾಫಿ ತರಲು ಹೋದಳು. ಬೆಂಚಿನ ಮೇಲೆ ಕೂತ ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡಳು.

"ತಾತನ್ನ ಒಂದ್ಸಲ ಮಾಡೋ. ಮುಖ ಫೋಟೋದಲ್ಲಿದೆ. ದನಿ ಮರೆತು ಹೋಗ್ತಾ ಇದೆ."

ಅಮ್ಮ ಹೋದ ಕಡೆ ಒಮ್ಮೆ ನೋಡಿದೆ. ಕೊನೆಗೂ, ತಾತ ಮನೆಯಿಂದ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಕೂಗುತ್ತಿದ್ದುದನ್ನು ಕೂಗಿದೆ: "ಏ, ಹೊರಟೆ ಕಣೇ! ಬಾಗಿಲು ಹಾಕ್ಕೋ!"

ಅಜ್ಜಿ ತಲೆಯಾಡಿಸಿದಳು. "ಅದು ನೀನು ಜನರನ್ನ ನಗಿಸೋಕೆ ಮಾಡ್ತಿದ್ದ ತಾತ. 'ಬಾಗಿಲು ಹಾಕ್ಕೋ' ಅನ್ನೋವಾಗ ಅವರ ದನಿ ಇಳೀತಿತ್ತು."

ನಾನು ಅಷ್ಟು ಹತ್ತಿರದಿಂದ ಕೇಳಿಸಿಕೊಂಡೇ ಇರಲಿಲ್ಲ. ದನಿ ಇಳಿಸಿ ಹೇಳಿದೆ.

ಅಜ್ಜಿ ಕಣ್ಣು ಮುಚ್ಚಿಕೊಂಡು, "ಹ್ಞೂಂ, ಬೇಗ ಬನ್ನಿ" ಎಂದಳು. ನನಗೆ ಅವಳು ಯಾವತ್ತೂ ಬಹುವಚನ ಕೊಟ್ಟವಳಲ್ಲ.

ತಿರುಗಿದರೆ ಹಿಂದೆ ಅಮ್ಮ, ಎರಡು ಕೈಯಲ್ಲೂ ಕಾಫಿ. ಬೈಗುಳಕ್ಕೆ ತಯಾರಾದೆ. ಅವಳು ಒಂದು ಲೋಟವನ್ನು ಅಜ್ಜಿಗೆ ಕೊಟ್ಟು, ಪಕ್ಕದಲ್ಲಿ ಕೂತು, ಕೋಟೆಯ ಬಾಗಿಲನ್ನೇ ನೋಡುತ್ತಾ ಹೇಳಿದಳು:

"ಕೊನೇಲಿ ಒಂದು ಕೆಮ್ಮು ಇರ್ತಿತ್ತು. ನೀನದನ್ನ ಬಿಟ್ಟುಬಿಟ್ಟೆ ನೋಡು. ಇನ್ನೊಂದ್ಸಲ ಮಾಡು."