ಶಾಂತಮ್ಮನವರ ಕೆಳದುಟಿ

ನನ್ನ ಕೈಯಿಂದಲೇ ಒಬ್ಬ ಹೆಣ್ಣುಮಗಳ ತುಟಿ ಸೊಟ್ಟಗಾಯಿತು. ಮಾನವಿಯ ಪ್ರಾಣದೇವರ ಸನ್ನಿಧಿಗೆ ನಡೆದುಕೊಳ್ಳುವ ನಿಮ್ಮೆಲ್ಲರ ಮುಂದೆ ಮೊದಲು ಈ ಮಾತನ್ನೇ ಹೇಳಬೇಕು. ಕೃಪೆಯ ಮಾತು ಆಮೇಲೆ.

ನಾನು ರಾಯಚೂರಿನಲ್ಲಿ ಮುಖದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ. ಇದೇ ದೇವಸ್ಥಾನದಲ್ಲಿ ಅರ್ಚಕರಾಗಿರುವವರ ಮಗಳು. ಬಹಳ ವರ್ಷ ಬೈಕಿನಿಂದ ಬಿದ್ದವರ ದವಡೆ ಜೋಡಿಸಿದೆ, ಗುಟ್ಕಾ ತಿಂದವರ ಬಾಯಿಯ ಹುಣ್ಣು ಕತ್ತರಿಸಿದೆ. ಒಂದು ಮಧ್ಯಾಹ್ನ ಒಬ್ಬ ಲಿಂಗಾಂತರಿ ಮಹಿಳೆ ಬಂದರು. ಅವರು ಕೂತ ಬೆಂಚಿನಿಂದ ಉಳಿದವರೆಲ್ಲ ಎದ್ದು ಹೋಗಿದ್ದರು. ಹುಬ್ಬಿನ ಮೇಲಿನ ಉಬ್ಬಿದ ಎಲುಬನ್ನು ತಗ್ಗಿಸಿ ಕೊಡಿ ಎಂದು ಅವರು ಕೇಳಿದರು. ನನಗೆ ಆ ಕೆಲಸ ಬರುತ್ತಿರಲಿಲ್ಲ. ದೂರದ ಊರಿಗೆ ಹೋಗಿ ಕಲಿತು ಬಂದೆ.

ಬಂದ ಮೇಲೆ ಕಂಡದ್ದನ್ನು ಹೇಳದಿರುವುದು ತಪ್ಪಾಗುತ್ತದೆ. ಅರ್ಜಿಯ ಹಾಳೆಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಮನೆಗಳಿದ್ದವು. ಗಂಡಸರ ವಾರ್ಡಿನಲ್ಲಿ ನನ್ನ ಲಿಂಗಾಂತರಿ ರೋಗಿಗಳನ್ನು ಗೇಲಿ ಮಾಡಿದರು, ಹೆಂಗಸರ ವಾರ್ಡಿನಲ್ಲಿ ಬೇಡವೆಂದರು. ಜೊತೆಯ ವೈದ್ಯರು ಊಟದ ಹೊತ್ತಿಗೆ ನನ್ನ ರೋಗಿಗಳ ನಡಿಗೆಯನ್ನು ಅಣಕಿಸಿದರು. ದೇವರು ಕೊಟ್ಟ ಮುಖವನ್ನು ತಿದ್ದುವುದು ಪಾಪ ಎಂದು ಬಂಧುಗಳು ಬುದ್ಧಿ ಹೇಳಿದರು. ಸೀಳುತುಟಿಯ ಮಗುವನ್ನು ನನ್ನ ಬಳಿಗೆ ಕರೆತಂದವರೂ ಅವರೇ. ಆಗ ಯಾರಿಗೂ ಆ ಪಾಪ ನೆನಪಾಗಲಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ದೇವದುರ್ಗದ ಶಾಂತಮ್ಮನವರು ಬಂದರು. ಅವರೂ ಲಿಂಗಾಂತರಿ ಮಹಿಳೆ, ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗತಿ. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿಯನ್ನು ತಲೆಯ ಮೇಲಿಟ್ಟು 'ಉಧೋ ಉಧೋ' ಎಂದು ಕೂಗುತ್ತ ಮನೆಮನೆಗೆ ಹೋಗುವುದು ಅವರ ವ್ರತವೂ ಹೌದು, ಬದುಕೂ ಹೌದು. ದವಡೆಯ ಎರಡೂ ಮೂಲೆಗಳನ್ನು ಸವೆಸಿ ಮುಖವನ್ನು ಮೃದುಗೊಳಿಸಿದೆ. ಮರುದಿನ ಬೆಳಿಗ್ಗೆ ಅವರು ಕುಡಿದ ಚಹಾ ಎಡಗಡೆಯಿಂದ ಸೋರಿತು. ಕೆಳದುಟಿಯನ್ನು ಆಡಿಸುವ ನರವನ್ನು ನಾನು ಎಳೆದಿದ್ದೆ. ಮೂರು ತಿಂಗಳಲ್ಲಿ ಸರಿಹೋಗುತ್ತದೆ ಎಂದೆ. ಕನ್ನಡಿಯ ಮುಂದೆ ಕೂತು ತುಟಿ ದುಂಡಗೆ ಮಾಡುವ, ಗಲ್ಲ ಉಬ್ಬಿಸುವ ವ್ಯಾಯಾಮ ಹೇಳಿಕೊಟ್ಟೆ. ಹೊಲಿಗೆ ಬಿಚ್ಚಿಕೊಳ್ಳದಿರಲೆಂದು, ಹಾಡಬಾರದು, ಕೂಗಬಾರದು ಎಂದೂ ಚೀಟಿಯಲ್ಲಿ ಬರೆದುಕೊಟ್ಟೆ.

ಮೂರು ತಿಂಗಳಾಯಿತು, ನಾಲ್ಕಾಯಿತು. ತುಟಿ ಕದಲಲಿಲ್ಲ. ಆಮೇಲೆ ಅವರು ತಪಾಸಣೆಗೆ ಬರುವುದನ್ನೂ ಬಿಟ್ಟರು, ಫೋನ್ ಎತ್ತುವುದನ್ನೂ ಬಿಟ್ಟರು.

ನಾನು ಮಾನವಿಗೆ ಬಂದು ಪ್ರಾಣದೇವರ ಎದುರು ನಿಂತೆ. ಹದಿನೈದು ವರ್ಷಗಳಿಂದ ಹೀಗೆ ನಿಂತಿರಲಿಲ್ಲ. ಏನು ಬೇಡಬೇಕೆಂಬುದೂ ತಿಳಿಯಲಿಲ್ಲ. ನರ ತಾನಾಗಿ ಚೇತರಿಸಿಕೊಳ್ಳುವುದಾದರೆ ದೇವರಿಗೇನು ಕೆಲಸ? ಕಡಿದೇ ಹೋಗಿದ್ದರೆ ದೇವರಾದರೂ ಏನು ಮಾಡಿಯಾನು? ಆದರೂ, ಆ ತುಟಿಯನ್ನು ಆಡಿಸು ಎಂದು ಬೇಡಿದೆ. ಯಾರ ಸಲುವಾಗಿ ಬಂದಿದ್ದೀ ಎಂದು ಅಪ್ಪ ಕೇಳಿದರು. ಒಬ್ಬ ರೋಗಿ ಎಂದಷ್ಟೇ ಹೇಳಿದೆ. ಜೋಗತಿ ಎನ್ನಲು ಬಾಯಿ ಬರಲಿಲ್ಲ. ಪರರ ಅನ್ಯಾಯಗಳನ್ನು ಪಟ್ಟಿ ಮಾಡುವ ನಾನು ಇದನ್ನೂ ಅದರಲ್ಲಿ ಸೇರಿಸಬೇಕು.

ಮುಂದಿನ ಮಂಗಳವಾರ ಮತ್ತೆ ಮಾನವಿಗೆ ಹೋಗಲೆಂದು ರಾಯಚೂರಿನ ಬಸ್ ನಿಲ್ದಾಣಕ್ಕೆ ಬಂದವಳು ದೇವದುರ್ಗದ ಬಸ್ಸು ಹತ್ತಿದೆ. ಏಕೆ ಹತ್ತಿದೆನೋ ಇಂದಿಗೂ ಹೇಳಲಾರೆ. ಗಬ್ಬೂರು ದಾಟುವವರೆಗೂ ಇಳಿದು ಹಿಂದಿರುಗಲೇ ಎಂದು ಯೋಚಿಸುತ್ತಲೇ ಇದ್ದೆ.

ಶಾಂತಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಾಗಿಲು ತೆಗೆದರು. ಒಳಗೆ ಅವರ ಗುರು, ಬಸಮ್ಮ ಎಂಬ ಹಿರಿಯ ಜೋಗತಿ, ಎಲೆ-ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು.

"ತಾಯಿ ಕೊಟ್ಟ ಮಾರಿ ತಿದ್ದಿಸಿಕೊಂಡಾಳ. ಅದಕ್ಕ ತಾಯಿ ಬಾಯಿ ಕಟ್ಯಾಳ," ಎಂದರು ಬಸಮ್ಮ. ಬರುವ ಹುಣ್ಣಿಮೆಗೆ ತುಟಿ ನೆಟ್ಟಗಾಗದಿದ್ದರೆ ದೇವಿಯ ಬುಟ್ಟಿಯನ್ನು ಬೇರೆಯವರ ತಲೆಗೆ ಕೊಡುವುದಾಗಿ ಆಗಲೇ ತೀರ್ಮಾನಿಸಿದ್ದರು.

ವ್ಯಾಯಾಮ ಮಾಡಿದಿರಾ ಎಂದು ಶಾಂತಮ್ಮನವರನ್ನು ಕೇಳಿದೆ. ಈ ಸೊಟ್ಟ ಮುಖವನ್ನು ಕನ್ನಡಿಯಲ್ಲಿ ನೋಡಲಾಗುವುದಿಲ್ಲ ಎಂದರು. ಮನೆಮನೆಗೆ ಹೋಗುವುದನ್ನಾದರೂ ಏಕೆ ಬಿಟ್ಟಿರಿ ಎಂದೆ. ಅವರು ದೇವಿಯ ಪಟದ ಹಿಂದಿನಿಂದ ಮಡಿಸಿದ ಚೀಟಿ ತೆಗೆದರು.

"ಕೂಗಬ್ಯಾಡ ಅಂತ ನೀವಽ ಬರದೀರಲ್ರೀ ಯವ್ವಾ. ನಾಕು ತಿಂಗಳ ಮ್ಯಾಲಾತು, ತಾಯಿನ್ನ ಬಾಯಿ ತುಂಬ ಕರದಿಲ್ಲ."

ಅದು ಹದಿನೈದು ದಿನಗಳ ಮಾತಾಗಿತ್ತು. ಎಷ್ಟು ದಿನ ಎಂದು ನಾನು ಬರೆದಿರಲಿಲ್ಲ. ಅವರ ಪಾಲಿಗೆ ಆ ಕೂಗು ಏನೆಂದು ಕೇಳಿಯೂ ಇರಲಿಲ್ಲ. ಇಂದೇ ಕೂಗಿ ಎಂದೆ. ಬಸಮ್ಮ ಎಲೆ ಉಗುಳಿ ನಕ್ಕರು.

"ಕೇಳಿದೇನಲೇ ಶಾಂತಿ? ಬಾಯಿ ಕಟ್ಟಿದಾಕಿ ತಾಯಿ ಅಲ್ಲ, ಈ ಡಾಕ್ಟರಮ್ಮ."

ಶಾಂತಮ್ಮನವರು ಸೆರಗು ತೆಗೆದು 'ಉಧೋ' ಎಂದರು. ಗಾಳಿ ಎಡಗಡೆಯಿಂದ ಸೋರಿತು. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದರು. ತುಟಿ ದುಂಡಗಾಗಬೇಕು, ಉಸಿರು ಗಲ್ಲ ತುಂಬಬೇಕು, ಮತ್ತೆ ಬಿಡಬೇಕು. ಕನ್ನಡಿಯ ಮುಂದೆ ನಾನು ಮಾಡಿಸಲು ಹೊರಟದ್ದೂ ಇದನ್ನೇ. ಬೆಳಿಗ್ಗೆ ನೂರೆಂಟು, ಸಂಜೆ ನೂರೆಂಟು ಎಂದು ಬಸಮ್ಮನವರೇ ಲೆಕ್ಕ ಹಾಕಿಕೊಟ್ಟರು. ಹುಣ್ಣಿಮೆಯ ಗಡುವನ್ನು ಮುಂದಿನ ಹುಣ್ಣಿಮೆಗೆ ತಳ್ಳಿದರು.

ಆರು ವಾರಗಳ ನಂತರ ಶಾಂತಮ್ಮನವರು ಆಸ್ಪತ್ರೆಗೆ ಬಂದರು. ಕೆಳಗಿನ ಹಲ್ಲು ತೋರಿಸಿ ಎಂದೆ. ತುಟಿಯ ಎಡಗೊನೆ ಮೊದಲು ತಡವರಿಸಿತು, ಆಮೇಲೆ ಬಲಗಡೆಯಷ್ಟೇ ಕೆಳಗಿಳಿಯಿತು. ನಾನು ಕೈಗವಸು ತೆಗೆಯುವುದನ್ನೂ ಮರೆತು ಕಣ್ಣೊರೆಸಿಕೊಂಡೆ. ದೇವಿಯ ಬುಟ್ಟಿ ಅವರ ತಲೆಯ ಮೇಲೆಯೇ ಉಳಿಯಿತು.

ವಾಸಿಮಾಡಿದ್ದು ಯಾವುದು? ಕಾಲವೇ, ಕೂಗೇ, ನನ್ನನ್ನು ಬೇರೆ ಬಸ್ಸು ಹತ್ತಿಸಿದ ಪ್ರಾಣದೇವರೇ? ಕೂಗದಿದ್ದರೂ ನರ ಚೇತರಿಸಿಕೊಳ್ಳುತ್ತಿತ್ತೆಂದು ನನ್ನ ಓದು ಹೇಳುತ್ತದೆ. ಆ ಓದೇ ನನ್ನನ್ನು ನಾಲ್ಕು ತಿಂಗಳು ರಾಯಚೂರಿನಲ್ಲಿ ಕೂರಿಸಿತ್ತು. ನನಗೆ ಬಗೆಹರಿಯುತ್ತಿಲ್ಲ. ಶಾಂತಮ್ಮನವರಿಗೆ ಈ ಗೊಂದಲವಿಲ್ಲ. ನೀವು ಯಾರಿಗೆ ಕೈ ಮುಗಿದಿದ್ದಿರಿ ಎಂದು ಕೇಳಿದರು. ಹನುಮಪ್ಪನಿಗೆ, ನಮ್ಮ ಪ್ರಾಣದೇವರಿಗೆ ಎಂದೆ.

"ಹಂಗಾದ್ರ ಇಬ್ರೂ ಕೂಡಿ ಮಾಡ್ಯಾರ ಬಿಡ್ರಿ. ಆಂವಗೂ ಒಮ್ಮಿ ಮಾರಿ ತೋರಿಸಿ ಬರಬೇಕಲ್ರೀ ನಾ?"

ನನ್ನ ನಂಬಿಕೆ ಗಟ್ಟಿಯಾಗಿದೆ, ಆದರೆ ಸ್ಪಷ್ಟವಾಗಿಲ್ಲ. ಇಷ್ಟು ಮಾತ್ರ ಬಲ್ಲೆ. ನಮ್ಮ ದೇವಸ್ಥಾನದಲ್ಲಿ ಜೋಗತಿಯರನ್ನು ಹೊರಗಿನ ಮೆಟ್ಟಿಲಲ್ಲೇ ನಿಲ್ಲಿಸಿ ಪ್ರಸಾದ ಕೊಡುವುದನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಅಪ್ಪನ ಕೈಯಿಂದಲೇ ಕಂಡಿದ್ದೇನೆ. ಯಾರ ಸಲುವಾಗಿ ಬೇಡಿದೆನೆಂದು ಈಗ ಅವರಿಗೆ ಹೇಳಿದ್ದೇನೆ. ಬರುವ ಶನಿವಾರ ಶಾಂತಮ್ಮನವರು ನನ್ನ ಜೊತೆ ಬರುತ್ತಾರೆ. ಒಳಗೆ ಬಂದು ನಿಲ್ಲುತ್ತಾರೆ. ಕೈ ಮುಗಿದಾಗ ಅವರ ಬಾಯಿಂದ 'ಉಧೋ' ಎಂದೇ ಬರುತ್ತದೆ. ಆಸ್ತಿಕರೇ, ಆಗ ಯಾರೂ ಅವರಿಗೆ ಸುಮ್ಮನಿರಿ ಎನ್ನಬೇಡಿ. ಒಮ್ಮೆ ನಾನು ಹಾಗೆಂದು ಬರೆದುಕೊಟ್ಟಿದ್ದೆ.