ಸಹಿ ಅಳಿಸಿದ ಬೇಸ್ ಗಿಟಾರ್

ಹೆಸರಾಂತ ವಾದಕನ ಸಹಿ ಇರುವ ಬೇಸ್ ಗಿಟಾರ್ ಕೊಳ್ಳುವುದು ಲಾಭವೋ ನಷ್ಟವೋ ಎಂದು ಈಗಲೂ ಯಾರಾದರೂ ನನ್ನನ್ನು ಕೇಳುತ್ತಾರೆ. ಒಂದು ಕಾಲದಲ್ಲಿ ಬ್ಯಾಂಡಿನಲ್ಲಿದ್ದವನು ಎಂಬ ಮರ್ಯಾದೆಗೆ ಕೇಳುತ್ತಾರೆ, ಹೌದು ಅಥವಾ ಅಲ್ಲ ಎಂಬ ಒಂದು ಮಾತಿಗೆ ಕಾಯುತ್ತಾರೆ. ಒಂದು ಮಾತಿನಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ. ಅದೂ ಅಲ್ಲದೆ ಈ ಉತ್ತರಕ್ಕಾಗಿ ನಾನು ನನ್ನ ಸೈಕಲ್ಲನ್ನೇ ಮಾರಿದ್ದೇನೆ. ಹಾಗಾಗಿ ಕೇಳಿದವರು ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ.

ಅರವತ್ತರ ದಶಕದ ನಡುವಿನ ಮಾತು. ನಾನು ಜಪ್ಪಿನ ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮದುವೆಗಳಿದ್ದಾಗ ರಜೆ ಹಾಕಿ ನಮ್ಮ ಕೊಂಕಣಿ ಕ್ರೈಸ್ತರ ಒಂದು ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದೆ. ಆಗ ಬೇಸ್ ಎಂದರೆ ರಾಗದ ಕೆಳದನಿ ಹಿಡಿಯುವ ಆಳೆತ್ತರದ ಪಿಟೀಲು. ಅದನ್ನು ನಿಂತೇ ಅಪ್ಪಿಕೊಂಡು ನುಡಿಸಬೇಕು, ಎತ್ತಿನಗಾಡಿಯಲ್ಲಿ ಮಲಗಿಸಿ ಸಾಗಿಸಬೇಕು. ಮದುವೆ ಮನೆಯ ಮಕ್ಕಳು ಅದರ ಹೊಟ್ಟೆಯೊಳಗೆ ಯಾರಿದ್ದಾರೆ ಎಂದು ಇಣುಕಿ ನೋಡುತ್ತಿದ್ದರು.

ಅಷ್ಟರಲ್ಲಿ ಮುಂಬಯಿಯಿಂದ ಕರೆಂಟಿನ ಗಿಟಾರ್ ಬಂತು. ನಮ್ಮ ಬ್ಯಾಂಡೂ ಒಂದನ್ನು ಸೇರಿಸಿಕೊಂಡಿತು. ಅದರ ಎದುರು ನನ್ನ ಬೇಸಿನ ದನಿ ನನಗೇ ಕೇಳದಂತಾಯಿತು. ಬ್ಯಾಂಡಿನ ಹಿರಿಯರನ್ನು ನಾವೆಲ್ಲ ಮೆಸ್ತ್ರಿ ಎನ್ನುತ್ತಿದ್ದೆವು. ಟ್ರಂಪೆಟ್ ಊದಿ ಊದಿ ಕೆನ್ನೆ ಸಡಿಲವಾದ ಮನುಷ್ಯ, ಆದರೆ ಮಾತು ಮಾತ್ರ ಬಿಗಿ. ಕ್ರಿಸ್ಮಸ್ಸಿಗೆ ಮೊದಲು ಅವರು ನನ್ನನ್ನು ಬದಿಗೆ ಕರೆದು ಹೇಳಿದರು:

"ನೋಡು ಮಾರಾಯ, ಸುತ್ತಿ ಬಳಸಿ ಹೇಳುದಿಲ್ಲ. ಕರೆಂಟಿನ ಬೇಸ್ ತಾ. ಈಸ್ಟರ್ ಕಳೆದು ಮದುವೆ ಶುರು ಆಗುವಾಗ ನಾನು ಒಮ್ಮೆ ಕೇಳ್ತೇನೆ. ಸರಿ ಆದರೆ ಜಾಗ ನಿನ್ನದೇ. ಇಲ್ಲದಿದ್ದರೆ ಮುಂಬಯಿಯವ ಒಬ್ಬ ಬರ್ಲಿಕ್ಕೆ ತಯಾರುಂಟು."

ಹದಿನೈದು ವರ್ಷ ನಿಂತ ಜಾಗ ಅದು. ಕಾರ್ಖಾನೆಯಲ್ಲಿ ನಾನು ಇಲ್ಲದಿದ್ದರೆ ಇನ್ನೊಬ್ಬ ಗುಮಾಸ್ತ ಬರೆಯುತ್ತಾನೆ. ನಾನು ಯಾರೋ ಒಬ್ಬ ಎನಿಸುತ್ತಿದ್ದದ್ದು ಬ್ಯಾಂಡಿನಲ್ಲಿ ಮಾತ್ರ. ಅದು ಹೋದರೆ ನನಗೆ ಉಳಿಯುವುದೇನು ಎಂದು ಯೋಚಿಸಿ ಎರಡು ದಿನ ಊಟ ರುಚಿಸಲಿಲ್ಲ.

ಬಂದರಿನಲ್ಲಿ ರೇಡಿಯೋ, ಗಡಿಯಾರ, ಅತ್ತರಿನ ಅಂಗಡಿ ಇಟ್ಟಿದ್ದ ಒಬ್ಬ ಬ್ಯಾರಿ ಮುಸ್ಲಿಂ ವ್ಯಾಪಾರಿ ನನಗೆ ಪರಿಚಯ, ನಮ್ಮ ಕ್ರೈಸ್ತರನ್ನೆಲ್ಲ ಕರೆಯುವಂತೆ ನನ್ನನ್ನೂ ಪೊರ್ಬುಗಳೇ ಎನ್ನುತ್ತಿದ್ದರು. ಅವರ ಭಾವ ಬಹರೈನಿಗೆ ಹೋಗುವ ಹಡಗಿನಲ್ಲಿದ್ದರು, ಹೇಳಿದ ಸಾಮಾನು ತರಿಸಿಕೊಡುತ್ತಿದ್ದರು. ಸಾದಾ ಬೇಸ್ ಗಿಟಾರ್ ನನ್ನ ಕೈಗೆಟುಕುತ್ತಿತ್ತು. ಆದರೆ ನಾನು ಒಂದು ವಿದೇಶಿ ಪತ್ರಿಕೆಯಲ್ಲಿ ಚಿತ್ರ ನೋಡಿಬಿಟ್ಟಿದ್ದೆ. ಅದೇ ಗಿಟಾರ್, ತಂತಿ ಬಿಗಿಯುವ ತಲೆಯ ಮೇಲೆ ಮಾತ್ರ ಒಬ್ಬ ದೊಡ್ಡ ವಾದಕನ ಸಹಿ ಚಿನ್ನದ ಬಣ್ಣದಲ್ಲಿ, ಬಳ್ಳಿ ಹಬ್ಬಿದ ಹಾಗೆ. ಆ ಸಹಿ ನನ್ನ ನಿದ್ದೆ ಕೆಡಿಸಿತು. ಅದು ಕೈಯಲ್ಲಿದ್ದರೆ ಮೆಸ್ತ್ರಿ ಕೇಳುವ ಮೊದಲೇ ಒಪ್ಪುತ್ತಾರೆ ಎಂದು ನಂಬಿದೆ.

ನನ್ನಂಥವನು ನಂಬಬಾರದಿತ್ತು. ನಮ್ಮ ಕಾರ್ಖಾನೆಯ ಪ್ರತಿ ಹಂಚಿನ ಮೇಲೂ ಕಂಪನಿಯ ಹೆಸರು ಒತ್ತಿರುತ್ತಿತ್ತು. ಹದವಾಗಿ ಸುಟ್ಟ ಹಂಚಿಗೂ ಅದೇ ಹೆಸರು, ಸೊಟ್ಟಗಾಗಿ ಅಂಗಳದ ಮೂಲೆ ಸೇರಿದ ಹಂಚಿಗೂ ಅದೇ ಹೆಸರು. ದಿನಾ ಅದನ್ನೇ ನೋಡಿಕೊಂಡು ಕೂತವನಿಗೆ ಬುದ್ಧಿ ಬರಲಿಲ್ಲ. ಸಹಿಯ ಗಿಟಾರಿಗೆ ಕೊಡಬೇಕಾದ ಹೆಚ್ಚಿನ ಹಣಕ್ಕಾಗಿ ಸೈಕಲ್ ಮಾರಿ, ಕೊಟ್ಟಾರದ ಮನೆಯಿಂದ ಜಪ್ಪಿಗೆ ನಡೆಯತೊಡಗಿದೆ.

"ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿ ಇಲ್ಲ," ಎಂದಳು ನನ್ನ ಹೆಂಡತಿ. ಕೊಂಕಣಿಯ ಮಧ್ಯೆ ಕನ್ನಡದ ಗಾದೆ ಎಳೆದು ತಂದಳೆಂದರೆ ಅವಳಿಗೆ ನಿಜವಾಗಿ ಸಿಟ್ಟು ಬಂದಿದೆ ಎಂದರ್ಥ. ಮದುವೆಗೆ ಮೊದಲು ಅವಳು ಇಗರ್ಜಿಯ ಭಾನುವಾರದ ಪೂಜೆಗೆ ಹಾಡುವ ಗಾಯನ ಮಂಡಳಿಯಲ್ಲಿ ಕೆಳದನಿಯ ಪಾಲು ಹಾಡುತ್ತಿದ್ದವಳು. ಅರೆಯುವ ಕಲ್ಲಿನ ಮುಂದೆ ಕೂತರೂ ಕೆಳದನಿಯನ್ನೇ ಗುನುಗುತ್ತಿದ್ದಳು. ಮೇಲಿನ ರಾಗ ಅವಳ ಬಾಯಿಂದ ಬಂದದ್ದೇ ಇಲ್ಲ. ಮಸಾಲೆಗೆ ಅದೇ ಸಾಕು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ. ಆ ಕಾಲ ಶುರುವಾದ ವಾರವೇ ಬಂದರಿನಿಂದ ಹೇಳಿಕಳಿಸಿದರು. ಕಾರ್ಖಾನೆ ಬಿಟ್ಟವನೇ ಓಡಿದೆ. ವ್ಯಾಪಾರಿ ಪೆಟ್ಟಿಗೆಯ ಮುಚ್ಚಳ ತೆಗೆದರು. ಕೆಂಪು ಮೈ, ನಾಲ್ಕು ದಪ್ಪ ತಂತಿ, ಕನ್ನಡಿಯ ಹಾಗೆ ಹೊಳೆಯುವ ಬಣ್ಣ. ನಾನು ಮೊದಲು ನೋಡಿದ್ದು ತಲೆಯನ್ನು. ಅಲ್ಲಿ ಏನೂ ಇರಲಿಲ್ಲ. ಉಜ್ಜಿದ ಮರ, ಅದರ ಮೇಲೆ ತೆಳುವಾಗಿ ಹಚ್ಚಿದ ಹೊಸ ವಾರ್ನಿಷ್.

"ಸಹಿ ಎಲ್ಲಿ ಸಾಹೇಬ್ರೇ?"

"ಅದನ್ನು ತೆಗೆದೆ," ಎಂದರು ಅವರು, ಹೆಮ್ಮೆಯಿಂದ. "ಎರಡು ದಿನ ಹಿಡೀತು ಪೊರ್ಬುಗಳೇ. ಮೊದಲು ಸ್ಪಿರಿಟ್ ಹಾಕಿ ತಿಕ್ಕಿದೆ. ಹೋಗ್ಲಿಲ್ಲ. ಮತ್ತೆ ಮರ ಉಜ್ಜುವ ಕಾಗದ ತಂದು ನಾನೇ ಕೂತು ಉಜ್ಜಿದೆ. ಈಗ ನೋಡಿ, ಎಂತ ಕ್ಲೀನ್ ಉಂಟು!"

ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆ ಸಂಜೆ ಏನೇನು ಅಂದೆನೋ, ಎಲ್ಲ ಬರೆಯಲು ಇಂದಿಗೂ ನಾಚಿಕೆ. ಪಕ್ಕದ ಒಣಮೀನಿನ ಅಂಗಡಿಯವರು ಎದ್ದು ಬಂದು ಬಾಗಿಲಲ್ಲಿ ನಿಂತರು. ವ್ಯಾಪಾರಿ ಮಾತ್ರ ತಬ್ಬಿಬ್ಬಾಗಿ ನನ್ನನ್ನೇ ನೋಡುತ್ತಿದ್ದರು.

"ನೀವು ಪತ್ರಿಕೆ ನೋಡಿ ಬರೆದುಕೊಟ್ಟ ನಂಬರಿನದ್ದೇ ತರಿಸಿದ್ದು. ಆ ಹೆಸರೂ ಬೇಕು ಅಂತ ನನಗೆ ಗೊತ್ತಿಲ್ಲ," ಎಂದರು ಕೊನೆಗೆ. "ಬೇರೆಯವರ ಹೆಸರು ಬರೆದ ಸಾಮಾನು ನಾನು ಹೇಗೆ ಮಾರುದು, ಹೇಳಿ? ನಮ್ಮ ಮನೆಯ ಚೆಂಬಿನ ಮೇಲೆ ನನ್ನ ಅಜ್ಜನ ಹೆಸರುಂಟು. ನಾಳೆ ಅದನ್ನು ಯಾರಾದರೂ ಅಂಗಡಿಯಲ್ಲಿಟ್ಟು ಮಾರಿದರೆ? ಯಾರದ್ದೋ ಗಿಟಾರ್ ನಿಮ್ಮ ತಲೆಗೆ ಕಟ್ಟಿದೆ ಅಂತ ಆಗಬಾರದಲ್ವಾ? ಭಾವನ ಹತ್ತಿರ ಆಣೆ ಹಾಕಿಸಿದೆ. ಹೊಸತೇ ಅಂದ. ಆದರೂ ನನಗೆ ಮನಸ್ಸಿಗೆ ಸರಿ ಆಗ್ಲಿಲ್ಲ."

ನಮ್ಮೂರಿನಲ್ಲಿ ಯಾವ ಮನೆಗೆ ಹೋದರೂ ತಾಮ್ರದ ಹಂಡೆ, ಕಂಚಿನ ಬಟ್ಟಲುಗಳ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರಿರುತ್ತದೆ. ಊಟದ ಮನೆಗೆ ಎರವಲು ಹೋದ ಪಾತ್ರೆಗಳು ಆ ಹೆಸರು ಹಿಡಿದೇ ಮನೆಗೆ ಮರಳುತ್ತವೆ. ಹೆಸರಿರುವ ವಸ್ತು ಆ ಹೆಸರಿನವನದು, ಅಷ್ಟೇ. ಯಾರೋ ಕಾಣದ ದೊರೆ ತನ್ನ ಹೆಸರನ್ನು ಸಾವಿರ ಗಿಟಾರುಗಳ ಮೇಲೆ ಬರೆದು ಊರೂರಿಗೆ ಮಾರಲು ಬಿಡುತ್ತಾನೆ ಎಂದರೆ ನಂಬುವುದು ಹೇಗೆ? ನನಗೆ ಹೊಳೆಯದ ಸಂಗತಿ ಇನ್ನೊಂದಿತ್ತು. ಆ ಹೆಸರನ್ನು ಹಾಗೇ ಬಿಟ್ಟು ಮಾರಿದ್ದರೆ ಅವರಿಗೆ ಯಾವ ಕಷ್ಟವೂ ಇರಲಿಲ್ಲ. ನನ್ನ ಮೇಲಿನ ಮರ್ಯಾದೆಗೆ ಎರಡು ದಿನ ಕೈ ನೋಯಿಸಿಕೊಂಡಿದ್ದರು.

"ಹೆಸರು ಹೋಯಿತು, ಸ್ವರ ಹೋಗಿದೆಯಾ ನೋಡುವ," ಎಂದು ಅವರೇ ಗಿಟಾರಿನ ವಯರನ್ನು ಅಂಗಡಿಯ ದೊಡ್ಡ ರೇಡಿಯೋದ ಹಿಂದೆ, ಗ್ರಾಮಫೋನಿಗಾಗಿ ಇದ್ದ ತೂತಿಗೆ ಸಿಕ್ಕಿಸಿದರು. "ಹೋಗಿದ್ದರೆ ನಾನು ವಾಪಸು ತೆಗೊಳ್ತೇನೆ."

ನಾನು ಅತಿ ದಪ್ಪದ ತಂತಿಯನ್ನು ಒಮ್ಮೆ ಮೀಟಿದೆ. ಶಬ್ದ ರೇಡಿಯೋದಿಂದ ಬಂತು ಎನ್ನಲಾರೆ, ನೆಲದಿಂದ ಬಂತು. ಗಾಜಿನ ಕಪಾಟಿನಲ್ಲಿದ್ದ ಅತ್ತರಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನನ್ನ ಎದೆಗೂಡಿನೊಳಗೆ ಏನೋ ಎದ್ದು ನಿಂತಿತು. ಬಾಗಿಲಲ್ಲಿದ್ದ ಒಣಮೀನಿನವರು ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದರು, ಯಾಕೆಂದು ಅವರಿಗೂ ತಿಳಿದಿರಲಿಕ್ಕಿಲ್ಲ. ಶಬ್ದ ಪೂರ್ತಿ ಆರುವ ತನಕ ನಾವು ಯಾರೂ ಅಲ್ಲಾಡಲಿಲ್ಲ.

"ಯಾ ಅಲ್ಲಾ," ಎಂದರು ವ್ಯಾಪಾರಿ ಮೆಲ್ಲಗೆ. "ಇದು ಆ ಪೆಟ್ಟಿಗೆಯೊಳಗೆ ಇತ್ತಾ?"

ಸಿಟ್ಟು ಎಲ್ಲಿ ಹೋಯಿತೋ. ಅವರ ಕೈ ಹಿಡಿದು ತಪ್ಪಾಯಿತು ಎಂದೆ, ಗಿಟಾರನ್ನು ಹೆಗಲಿಗೇರಿಸಿ ಕೊಟ್ಟಾರಕ್ಕೆ ನಡೆದೆ. ದಾರಿಯುದ್ದಕ್ಕೂ ಅದು ನನಗೆ ಭಾರವೆನಿಸಲಿಲ್ಲ.

ಭಾರ ಗೊತ್ತಾದದ್ದು ಮನೆಯಲ್ಲಿ. ನಮ್ಮ ರೇಡಿಯೋಗೆ ವಯರು ಸಿಕ್ಕಿಸಿ ದಿನಾ ಸಂಜೆ ಕೂರುತ್ತಿದ್ದೆ. ಆಳೆತ್ತರದ ಬೇಸಿನ ಮೇಲೆ ಹದಿನೈದು ವರ್ಷ ಗುದ್ದಾಡಿದ ನನ್ನ ಬೆರಳು ಈ ಗಿಟಾರಿನ ಕೊರಳಿನ ಪಟ್ಟಿಗಳ ನಡುವಿನ ಚಿಕ್ಕ ಮನೆಗಳಲ್ಲಿ ಹಿಡಿಸುತ್ತಿರಲಿಲ್ಲ. ಒಂದು ಒತ್ತಿದರೆ ಎರಡು ನುಡಿಯುತ್ತಿತ್ತು. ಆ ಭವ್ಯ ಸ್ವರ ನನ್ನ ಕೈಯಲ್ಲಿ ಗೊರಕೆಯಾಯಿತು. ಸಹಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಒಂದು ದಿನ ಗೊಣಗಿದೆ. "ಕುಣಿಯಲಾರದವಳಿಗೆ ನೆಲ ಡೊಂಕು," ಎಂದು ಅಡುಗೆಮನೆಯಿಂದ ಉತ್ತರ ಬಂತು. ಮತ್ತೊಂದು ಕನ್ನಡ ಗಾದೆ.

ಈಸ್ಟರಿಗೆ ಎರಡು ವಾರವಿತ್ತು. ಕಾರ್ಖಾನೆಯಲ್ಲಿ ಹಂಚು ಒತ್ತುವ ಯಂತ್ರ ಕೆಟ್ಟು ನಮ್ಮನ್ನು ಮಧ್ಯಾಹ್ನವೇ ಬಿಟ್ಟರು. ಬಿಸಿಲಿನಲ್ಲಿ ನಡೆದು ಬಂದೆ. ಸೈಕಲ್ ಇದ್ದಾಗ ತಿರುವಿನಲ್ಲೇ ಬೆಲ್ ಹೊಡೆಯುವುದು ನನ್ನ ರೂಢಿ, ಚಹಾಕ್ಕೆ ನೀರಿಡಲಿ ಎಂದು. ಈಗ ಬೆಲ್ಲೂ ಇಲ್ಲ, ಹೊತ್ತೂ ಅಲ್ಲ. ಗದ್ದೆಗಳ ನಡುವಿನ ಮಣ್ಣಿನ ಹುಣಿ ದಾಟಿ ನಮ್ಮ ಅಂಗಳದ ಗೋಡೆಯ ಬಳಿ ಬರುವಾಗ ಒಳಗಿಂದ ಆ ಸ್ವರ ಕೇಳಿಸಿತು.

ಅದು ತಪಸ್ಸುಕಾಲದ ಒಂದು ಹಳೆಯ ಕೀರ್ತನೆಯ ಕೆಳದನಿ. ರಾಗವನ್ನು ಯಾರೂ ನುಡಿಸುತ್ತಿರಲಿಲ್ಲ, ಹಾಡುತ್ತಲೂ ಇರಲಿಲ್ಲ. ಆದರೆ ಕೆಳಗಿನ ಸ್ವರಗಳು ಎಷ್ಟು ಸರಿಯಾದ ಜಾಗದಲ್ಲಿ, ಎಷ್ಟು ನೆಮ್ಮದಿಯಿಂದ ಬೀಳುತ್ತಿದ್ದವೆಂದರೆ, ಇಲ್ಲದ ರಾಗ ಅವುಗಳ ಮೇಲೆ ನಡೆದುಕೊಂಡು ಹೋಗುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಬೆರಗಾಗಿ ನಿಂತೆ. ಹದಿನೈದು ವರ್ಷದಲ್ಲಿ ನಾನು ಒಂದು ಸಲವೂ ಮಾಡದಿದ್ದದ್ದನ್ನು ನನ್ನ ಹೆಂಡತಿ, ಒಲೆಯ ಮೇಲೆ ಕುಚ್ಚಲಕ್ಕಿ ಬೇಯಲು ಬಿಟ್ಟು, ಮಾಡುತ್ತಿದ್ದಳು. ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಉರಿಯೂ ಬಂತು, ಅದನ್ನು ಮುಚ್ಚಿಡಲಾರೆ.

ನನ್ನನ್ನು ಕಂಡು ಅವಳು ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿದಳು.

"ದೇವರ ಕೀರ್ತನೆಯನ್ನೇ ಬಾರಿಸಿದ್ದು," ಎಂದಳು. "ತಪಸ್ಸಿನ ದಿನ ಬೇರೆ ಎಂತದೂ ಬಾರಿಸ್ಲಿಲ್ಲ."

"ಎಷ್ಟು ದಿನದಿಂದ?"

"ಅದು ಬಂದ ಮರುದಿನದಿಂದ. ನಿಮ್ಮ ಆ ದೊಡ್ಡದನ್ನು ಹೆಂಗಸರು ಹೇಗೆ ಹಿಡಿಯುದು? ಇದು ಮಡಿಲಲ್ಲಿ ಕೂರ್ತದೆ. ನಿಮಗೆ ಬೇಜಾರಾದರೆ ಇನ್ನು ಮುಟ್ಟುದಿಲ್ಲ."

ಬೇಜಾರಿಲ್ಲ ಎಂದೆ. ಚೆನ್ನಾಗಿತ್ತು ಎನ್ನುವ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಮೆಸ್ತ್ರಿಯ ಎದುರು ಕೂರಬೇಕಾದವನು ನಾನು, ಉಳಿಯಬೇಕಾದದ್ದು ನನ್ನ ಜಾಗ ಎಂದು ದಿನಾ ನನಗೇ ಹೇಳಿಕೊಂಡೆ. ಮೂರು ವಾರ ಚರ್ಮ ಸುಲಿಯುವಷ್ಟು ಅಭ್ಯಾಸ ಮಾಡಿದೆ. ಗೊರಕೆ ಸ್ವಲ್ಪ ತಗ್ಗಿತು, ಅಷ್ಟೇ.

ಈಸ್ಟರ್ ಕಳೆದು ಮುಂದಿನ ಭಾನುವಾರ ಮಧ್ಯಾಹ್ನ ಪಡೀಲಿನಲ್ಲಿದ್ದ ಮೆಸ್ತ್ರಿಯ ಮನೆಗೆ ಹೋದೆವು. ಮೆಸ್ತ್ರಿಯ ಹೆಂಡತಿಯನ್ನು ಮಾತಾಡಿಸುವ ನೆಪದಲ್ಲಿ ನನ್ನವಳೂ ಬಂದಳು. ಜಗಲಿಯಲ್ಲಿ ಬ್ಯಾಂಡಿನವರೆಲ್ಲ ಕೂತಿದ್ದರು. ಮೆಸ್ತ್ರಿ ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ನಮಗೆ ಬೆನ್ನು ಹಾಕಿ ಕೂತರು.

"ಮುಖ ನೋಡಿದರೆ ಕಿವಿ ಸುಳ್ಳು ಹೇಳ್ತದೆ," ಎಂದರು. "ಹೂಂ, ಶುರು ಮಾಡು."

ವಧೂವರರು ಸಭಾಂಗಣಕ್ಕೆ ಬರುವಾಗಿನ ನಡಿಗೆಯ ಸಂಗೀತವನ್ನು ಸ್ಯಾಕ್ಸೋಫೋನಿನವನು ಎತ್ತಿದ. ಮೆಸ್ತ್ರಿಯ ರೇಡಿಯೋಗೆ ವಯರು ಸಿಕ್ಕಿಸಿ ಕೂತಿದ್ದ ನಾನು ಕೆಳಗಿನಿಂದ ಹಿಡಿದೆ. ಎಂಟು ಹೆಜ್ಜೆ ಸರಿ ಹೋಯಿತು, ಒಂಬತ್ತನೆಯದರಲ್ಲಿ ಎಡವಿದೆ. ವಧು ಇದ್ದಿದ್ದರೆ ಮುಗ್ಗರಿಸುತ್ತಿದ್ದಳು. ಮೆಸ್ತ್ರಿಯ ಬೆನ್ನು ಅಲ್ಲಾಡಲಿಲ್ಲ.

"ಇನ್ನೊಮ್ಮೆ," ಎಂದರು. ಇನ್ನೊಮ್ಮೆಯೂ ಹಾಗೇ ಆಯಿತು. ಅವರು ದೊಡ್ಡದೊಂದು ಉಸಿರು ಬಿಟ್ಟರು. "ಹಳೆ ಜನ ಅಂತ ಕಡೆಗೊಮ್ಮೆ ಕೇಳ್ತೇನೆ. ಇದಾದ ಮೇಲೆ ಇಲ್ಲ."

ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ನನ್ನನ್ನಲ್ಲ, ಗಿಟಾರನ್ನು ನೋಡುತ್ತಿದ್ದಳು. ಅವಳ ಬೆರಳುಗಳು ಸೀರೆಯ ಸೆರಗಿನ ಮೇಲೆ ಆ ಒಂಬತ್ತನೆಯ ಹೆಜ್ಜೆಯನ್ನು ಸರಿಯಾಗಿ ಹಾಕುತ್ತಿದ್ದವು. ನಾನು ಎದ್ದೆ. ಯಾಕೆ ಎದ್ದೆ ಎಂದು ಕೇಳಿದರೆ ಹೇಳಲಾರೆ. ಅವಳನ್ನು ಕೈಹಿಡಿದು ತಂದು ನನ್ನ ಸ್ಟೂಲಿನ ಮೇಲೆ ಕೂರಿಸಿ, ಗಿಟಾರನ್ನು ಮಡಿಲಲ್ಲಿಟ್ಟೆ. ಅವಳು ಕಣ್ಣಲ್ಲೇ ನನ್ನನ್ನು ಸುಟ್ಟಳು. ಆದರೆ ಸ್ಯಾಕ್ಸೋಫೋನ್ ಆಗಲೇ ಶುರುವಾಗಿತ್ತು, ಕೆಳದನಿಯಿಲ್ಲದೆ ರಾಗ ಒಂಟಿಯಾಗಿ ಹೋಗುವುದನ್ನು ಅವಳಿಂದ ನೋಡಲಾಗಲಿಲ್ಲ.

ಅವಳು ನುಡಿಸಿದಳು. ಬಂದರಿನ ಅಂಗಡಿಯಲ್ಲಿ ನೆಲದಿಂದ ಎದ್ದ ಸ್ವರ ಈಗ ಹೆಜ್ಜೆ ಇಡಲು ಕಲಿತಿತ್ತು. ಡ್ರಮ್ಮಿನವನು ಕಡ್ಡಿ ಎತ್ತಿದವನು ಬಾರಿಸುವುದನ್ನೇ ಮರೆತ. ಮೆಸ್ತ್ರಿಯ ಕುತ್ತಿಗೆ ನಿಧಾನವಾಗಿ ನೆಟ್ಟಗಾಯಿತು. ಅವರ ಚಪ್ಪಲಿ ತಾಳ ಹಾಕತೊಡಗಿತು.

"ಇದೇ!" ಎಂದರು ಅವರು, ಗೋಡೆಯನ್ನು ನೋಡುತ್ತಲೇ. "ಇದೇ ಮಾರಾಯ! ಇಷ್ಟು ವರ್ಷ ಎಲ್ಲಿ ಅಡಗಿಸಿ ಇಟ್ಟಿದ್ದಿ ಇದನ್ನು? ಆಯ್ತು, ಜಾಗ ನಿನ್ನದೇ. ಮುಂಬಯಿಯವನಿಗೆ ಬೇಡ ಅಂತ ಬರೆಯುತ್ತೇನೆ."

ಉಳಿದವರೆಲ್ಲ ನನ್ನ ಮುಖ ನೋಡಿದರು. ಅವಳು ತಲೆ ಎತ್ತಲಿಲ್ಲ. ನಾನು ಸುಮ್ಮನಿದ್ದರೆ ಅವಳೂ ಸುಮ್ಮನಿರುತ್ತಿದ್ದಳು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಮೆಸ್ತ್ರಿ," ಎಂದೆ. "ಅದು ನಾನಲ್ಲ. ತಿರುಗಿ ನೋಡಿ."

ಮೆಸ್ತ್ರಿ ಕುರ್ಚಿಯ ಸಮೇತ ತಿರುಗಿದರು. ಅವಳು ನುಡಿಸುವುದನ್ನು ನಿಲ್ಲಿಸಲಿಲ್ಲ, ಅವರ ಚಪ್ಪಲಿ ತಾಳ ಹಾಕುವುದನ್ನೂ ನಿಲ್ಲಿಸಲಿಲ್ಲ.